ನೀರಿನ ಕೈಗೇ ಬೀಗದ ಕೈ ಕೊಟ್ಟ ಎಂಜಿನಿಯರ್

ಮಳೆಗಾಲದಲ್ಲಿ ಒಮ್ಮೆ ಚುಂಚನಕಟ್ಟೆಗೆ ಹೋಗಿ ನೋಡಿ. ಧನುಷ್ಕೋಟಿಯಲ್ಲಿ ಕಾವೇರಿ ಧುಮುಕುವ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸಲ್ಲ. ಅದೇ ನೀರು ಕೆ.ಆರ್. ನಗರ ದಾಟಿ ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಸೇರುತ್ತೆ. ಅಷ್ಟು ನೀರು ಒಂದೇ ಸಮನೆ ಬಂದು ಕಟ್ಟೆಯನ್ನ ಒತ್ತಿದರೆ ಗತಿ ಏನು? ಈ ಪ್ರಶ್ನೆಯನ್ನ ತಲೆಗೆ ಹಚ್ಚಿಕೊಂಡವರು ಸರ್ ಎಂ. ವಿಶ್ವೇಶ್ವರಯ್ಯ. ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕಿ ಸೆಲ್ಫಿ ತೆಗೆದುಕೊಳ್ಳುವ ಅದೇ ಪೇಟದ ಮನುಷ್ಯ.

ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವರಿಗೆ ಒಂದು ಸಮಸ್ಯೆ ಎದುರಾಯ್ತು. ಮಳೆಗಾಲದಲ್ಲಿ ಹೆಚ್ಚಾದ ನೀರೆಲ್ಲ ಕೋಡಿ ಹರಿದು ಹೋಗುತ್ತಿತ್ತು, ಬೇಸಿಗೆಗೆ ಸಾಲುತ್ತಿರಲಿಲ್ಲ. ಕೋಡಿಯ ಮೇಲೆ ಬಾಗಿಲು ಕೂರಿಸಿದರೆ ನೀರು ನಿಲ್ಲುತ್ತೆ, ನಿಜ. ಆದರೆ ಮಧ್ಯರಾತ್ರಿ ಪ್ರವಾಹ ಬಂದಾಗ ಅದನ್ನ ತೆಗೆಯೋರು ಯಾರು? ಕಾವಲುಗಾರ ನಿದ್ದೆ ಹೋದರೆ ಕಟ್ಟೆಯೇ ಹೋಗುತ್ತೆ.

ಅದಕ್ಕೆ ಅವರು ತಾನಾಗೇ ತೆರೆದುಕೊಳ್ಳುವ ಗೇಟು ರೂಪಿಸಿದರು. ಗೇಟಿನ ತೂಕಕ್ಕೆ ಎದುರಾಗಿ ಇನ್ನೊಂದು ತೂಕ ಇಟ್ಟು ಸಮತೋಲ ಮಾಡೋದು. ನೀರು ಗೊತ್ತಾದ ಮಟ್ಟ ಮೀರಿದರೆ ಆ ನೀರೇ ಸಮತೋಲ ತಪ್ಪಿಸಿ ಗೇಟು ತೆರೆಯುತ್ತೆ. ಮಟ್ಟ ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತೆ. 1903ರಲ್ಲಿ ಗೇಟುಗಳು ಕೂತವು. ಕಟ್ಟೆಯ ಎತ್ತರ ಏರಿಸದೆಯೇ ನೀರಿನ ಮಟ್ಟ ಸುಮಾರು 8 ಅಡಿ ಹೆಚ್ಚಾಯ್ತು. ಪೇಟೆಂಟ್ ಅವರ ಹೆಸರಿಗೇ ಬಂತು, ಆದರೆ ಸರ್ಕಾರದ ಸಂಬಳ ತಿಂದು ಮಾಡಿದ ಕೆಲಸ ಅಂತ ರಾಯಲ್ಟಿ ಬೇಡ ಅಂದುಬಿಟ್ಟರು.

ಕೆಮಿಕಲ್, ಮೆಕ್ಯಾನಿಕಲ್ ಗೆಳೆಯರಿಗೆ ಇದು ಎಲ್ಲೋ ಕೇಳಿದ ಹಾಗೆ ಅನಿಸಿರಬೇಕು. ಹೌದು, ಪ್ರೆಶರ್ ರಿಲೀಫ್ ವಾಲ್ವ್ ಮಾಡೋದೂ ಇದೇ ಕೆಲಸ. ಒಳಗಿನ ಒತ್ತಡ ಮಿತಿ ದಾಟಿದರೆ ಆ ಒತ್ತಡವೇ ಸ್ಪ್ರಿಂಗನ್ನ ತಳ್ಳಿ ದಾರಿ ಮಾಡಿಕೊಳ್ಳುತ್ತೆ. ಕರೆಂಟು ಬೇಡ, ಆಪರೇಟರ್ ಬೇಡ.

1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಇವರನ್ನ ಕರೆಸಿತು. ನಗರದ ಮೇಲ್ಗಡೆ ಜಲಾಶಯ ಕಟ್ಟಿ ಪ್ರವಾಹವನ್ನ ಅಲ್ಲೇ ಹಿಡಿಯಿರಿ ಅನ್ನೋದು ಇವರ ಸಲಹೆ. ಮರುವರ್ಷ ಮೈಸೂರಿನ ಚೀಫ್ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಯ್ತು, 1912ರಲ್ಲಿ ದಿವಾನರಾದರು. 1918ರಲ್ಲಿ ಆ ಹುದ್ದೆ ಬಿಟ್ಟಾಗಲೂ ಕಟ್ಟೆ ಮುಗಿದಿರಲಿಲ್ಲ. ಮುಂದಿನವರು ಅದನ್ನ ಪೂರ್ತಿ ಮಾಡಿದರು. ಹಳೇ ಕನ್ನಂಬಾಡಿ ಊರು ನೀರಿನಡಿ ಹೋಯ್ತು; ಆ ಜನ ತೆತ್ತ ಬೆಲೆಯನ್ನೂ ನಾವು ಮರೀಬಾರದು.

124.80 ಅಡಿ ತುಂಬುವ ಆ ಕಟ್ಟೆಗೂ ತಾನಾಗೇ ತೆರೆಯುವ ಗೇಟು ಬಂದವು. ಜೊತೆಗೆ ಬೇರೆ ಬೇರೆ ಮಟ್ಟದಲ್ಲಿ ಬೇರೆ ತೂಬುಗಳೂ ಇವೆ. ಒಂದು ದಾರಿ ಕೈಕೊಟ್ಟರೆ ಇನ್ನೊಂದು ಇರಲೇಬೇಕು. ಕಾರ್ಖಾನೆಯಲ್ಲಿ ಸ್ಟ್ಯಾಂಡ್‌ಬೈ ವಾಲ್ವ್ ಇಡೋದು ಇದಕ್ಕೇ. ರಿಲೀಫ್ ವಾಲ್ವನ್ನ ಆಗಾಗ ಬಿಚ್ಚಿ ಪರೀಕ್ಷೆ ಮಾಡಬೇಕು, ಅದಕ್ಕೋಸ್ಕರ ಇಡೀ ಪ್ಲಾಂಟ್ ನಿಲ್ಲಿಸೋಕಾಗಲ್ಲ. ಹಾಗಾಗಿ ಎರಡು ವಾಲ್ವ್ ಇಟ್ಟು, ಎರಡರ ದಾರಿಯೂ ಒಟ್ಟಿಗೆ ಮುಚ್ಚದ ಹಾಗೆ ಇಂಟರ್‌ಲಾಕ್ ಹಾಕ್ತಾರೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯ್ತಲ್ಲ, ನೆನಪಿದೆಯಾ? ತಾತ್ಕಾಲಿಕ ಗೇಟು ಕೂರಿಸುವಷ್ಟರಲ್ಲಿ ಒಂದು ವಾರ ಆಯ್ತು, ರೈತರು ಬೆಳೆಗೆ ಕಾದಿದ್ದ ನೀರು ಹೊಳೆ ಪಾಲಾಯ್ತು. ಬದಲಿ ಯಾಕೆ ಮೊದಲೇ ಸಿದ್ಧ ಇರಬೇಕು ಅನ್ನೋದಕ್ಕೆ ಬೇರೆ ಪಾಠ ಬೇಕಿಲ್ಲ.

1955ರಲ್ಲಿ ಭಾರತರತ್ನ ಬಂತು. ನೂರು ವರ್ಷ ತುಂಬಿದ ಮೇಲೆ, 1962ರ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯ ತೀರಿಕೊಂಡರು. ಮುಂದೆ ಯಾವುದೋ ಪ್ಲಾಂಟಿನಲ್ಲಿ ನೈಟ್ ಶಿಫ್ಟಿಗೆ ನಿಂತಾಗ, ನಾನು ನಿದ್ದೆ ಹೋದರೂ ಇದು ತೆರೆದುಕೊಳ್ಳುತ್ತಾ, ಇದು ಕೆಟ್ಟರೆ ಇನ್ನೊಂದು ಇದೆಯಾ ಅಂತ ಒಮ್ಮೆ ನೋಡಿ. ಹಾರಕ್ಕಿಂತ ಅದೇ ಅವರಿಗೆ ಸಲ್ಲುವ ಗೌರವ.