ಅಣುಶಕ್ತಿಯನ್ನು ರೋಗಿಯ ಸೇವೆಗೆ ತಂದ ಡಾ. ಹೋಮಿ ಭಾಭಾ

ಅಣುಶಕ್ತಿಯೆಂದೊಡನೆ ನಮ್ಮಲ್ಲಿ ಹಲವರಿಗೆ ಬಾಂಬಿನ ನೆನಪಾಗುವುದು ಸಹಜ. ಆದರೆ ಅದೇ ಶಕ್ತಿಯು ಪರೇಲದಲ್ಲಿ ರೋಗಿಗಳ ಪ್ರಾಣವನ್ನೂ ಉಳಿಸುತ್ತಿದೆ. ಈ ಏರ್ಪಾಡಿಗೆ ಕಾರಣರಾದವರಲ್ಲಿ ಅಗ್ರಗಣ್ಯರಾದ ದಿವಂಗತ ಡಾ. ಹೋಮಿ ಜಹಾಂಗೀರ ಭಾಭಾ ಅವರ ಜೀವನವನ್ನು ವಾಚಕರ ಮುಂದಿಡುತ್ತಿದ್ದೇವೆ.

ಭಾಭಾ ಅವರು 1909ರ ಅಕ್ಟೋಬರ 30ರಂದು ಮುಂಬಯಿಯ ಪಾರ್ಸಿ ಮನೆತನದಲ್ಲಿ ಜನಿಸಿದರು. ಅಜ್ಜ ಹೊರ್ಮಸ್‌ಜಿ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದರು. ಕನ್ನಡ ನಾಡಿನ ಋಣಾನುಬಂಧ ಮೊಮ್ಮಗನಿಗೂ ಒದಗಿತು. ಕೇಂಬ್ರಿಜ್ಜಿನಲ್ಲಿ ಖ್ಯಾತಿ ಗಳಿಸಿ 1939ರಲ್ಲಿ ರಜೆಗೆ ಬಂದವರು ಮಹಾಯುದ್ಧದ ನಿಮಿತ್ತ ಇಲ್ಲಿಯೇ ನಿಂತು, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರೊಡನೆ ಸಂಶೋಧನೆ ಕೈಗೊಂಡರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. 1956ರ ಆಗಸ್ಟ 4ರಂದು ಟ್ರಾಂಬೆಯಲ್ಲಿ ಅಪ್ಸರಾ ಅಣುಸ್ಥಾವರವು ಚಾಲನೆಗೊಂಡಿತು.

ಅವರ ಸೋದರತ್ತೆ ಲೇಡಿ ಮೆಹರಬಾಯಿ ಟಾಟಾ 1931ರಲ್ಲಿ ರಕ್ತದ ಅರ್ಬುದದಿಂದ ತೀರಿಕೊಂಡಿದ್ದರು. ಆಕೆಯ ಪತಿ ಸರ್ ದೊರಾಬ್ಜಿಯವರ ದತ್ತಿಯಿಂದ 1941ರಲ್ಲಿ ಪರೇಲದಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. 1962ರಲ್ಲಿ ಆ ಆಸ್ಪತ್ರೆಯು ಭಾಭಾ ಅವರ ಅಣುಶಕ್ತಿ ಇಲಾಖೆಗೆ ಸೇರಿತು. ಮರುವರ್ಷ ಪರೇಲದಲ್ಲಿಯೇ ವಿಕಿರಣ ವೈದ್ಯ ಕೇಂದ್ರ ಆರಂಭವಾಯಿತು. ಥೈರಾಯ್ಡ್ ಗ್ರಂಥಿಯ ರೋಗಗಳಿಗೆ ವಿಕಿರಣಶೀಲ ಅಯೋಡಿನ್ ನೀಡುವ ಚಿಕಿತ್ಸೆಗೆ ಈ ಕೇಂದ್ರ ಹೆಸರಾಯಿತು.

ಥೈರಾಯ್ಡಿಗೂ ಒಡೆಯನಾದ ಇನ್ನೊಂದು ಗ್ರಂಥಿಯುಂಟು. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿಯೇ ಅದು. ಅಲ್ಲಿ ಗಂಟು ಬೆಳೆದು ಬೆಳವಣಿಗೆಯ ರಸ ಮಿತಿಮೀರಿದರೆ, ಪ್ರಾಯದವರಲ್ಲಿಯೂ ಕೈಕಾಲು, ದವಡೆಗಳು ದೊಡ್ಡದಾಗುತ್ತವೆ. ಚಪ್ಪಲಿ, ಉಂಗುರ ಬಿಗಿಯಾಗುತ್ತವೆ. ಇಂತಹ ರೋಗಿಗೆ ವೈದ್ಯರು ಸಾಮಾನ್ಯವಾಗಿ ಮೊದಲು ಶಸ್ತ್ರಕ್ರಿಯೆ ಮಾಡುತ್ತಾರೆ. ಗಂಟು ಉಳಿದರೆ ಔಷಧ ಅಥವಾ ಹೊರಗಿನಿಂದ ವಿಕಿರಣ ಕೊಡುವುದುಂಟು. ವಿಕಿರಣದ ಫಲ ಕಾಣಲು ವರ್ಷಗಳೇ ಬೇಕು. ಅಷ್ಟರಲ್ಲಿ ಗ್ರಂಥಿಯ ಇತರ ರಸಗಳು ಕುಂದಲೂ ಬಹುದು. ಆದುದರಿಂದ ಚಿಕಿತ್ಸೆ ಮುಗಿಯಿತೆಂದು ಊರಿಗೆ ಹೊರಟು ಸುಮ್ಮನಾಗುವುದು ಅಪಾಯ; ಪರೀಕ್ಷೆಯನ್ನು ಜೀವನಪರ್ಯಂತ ತಪ್ಪಿಸಕೂಡದು.

1966ರ ಜನವರಿ 24ರಂದು ಆಲ್ಪ್ಸ್ ಪರ್ವತದ ಮೇಲೆ ಸಂಭವಿಸಿದ ವಿಮಾನಾಪಘಾತದಲ್ಲಿ ಭಾಭಾ ಅವರು ಅಸುನೀಗಿದರು. ಆಗ ಅವರಿಗೆ ಐವತ್ತಾರೇ ವರ್ಷ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. ಅವಿವಾಹಿತರಾಗಿದ್ದ ಅವರಿಗೆ ಸಂತಾನವಿಲ್ಲ. ಆದರೂ ಪರೇಲದಿಂದ ಗುಣಮುಖರಾಗಿ ಮನೆಗೆ ಮರಳುವ ಪ್ರತಿಯೊಬ್ಬರೂ ಅವರ ಋಣಿಗಳೆಂದು ನಾವು ಭಾವಿಸುತ್ತೇವೆ.