ರಾಮಚಂದ್ರನ್ನರ ನಕ್ಷೆ

ನಮ್ಮ ತಗಡೂರಿನ ಕಡೆ ಹೆಣ್ಣು ನೋಡಲು ಹೊರಟ ಹಿರಿಯರು, ಕುಲಗೋತ್ರಗಳ ಜೊತೆಗೆ ವಂಶದಲ್ಲಿ ಯಾರಿಗಾದರೂ ಬುದ್ಧಿಭ್ರಮಣೆ ಇತ್ತೇ ಎಂಬುದನ್ನೂ ಮೆಲ್ಲನೆ ವಿಚಾರಿಸುವುದುಂಟು. ಹೌದೆಂದಾದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಇಂತಹ ಸಂಗತಿ ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವವರು ಜಿ. ಎನ್. ರಾಮಚಂದ್ರನ್. ಅವರು ಮನೋವೈದ್ಯರಲ್ಲ, ಭೌತವಿಜ್ಞಾನಿ. ಆದರೂ ವಂಶದಿಂದ ಇಳಿದುಬರುವುದು ನಿಜವಾಗಿ ಏನು ಎಂದು ಶೋಧಿಸುವವರಿಗೆ ಅವರು ಬರೆದ ನಕ್ಷೆಯೊಂದು ಇಂದಿಗೂ ಬೇಕಾಗಿದೆ.

1922ರಲ್ಲಿ ಎರ್ನಾಕುಲಂನಲ್ಲಿ ಜನಿಸಿದ ಅವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ವಿದ್ಯುತ್ ಎಂಜಿನಿಯರಿಂಗ್ ಕಲಿಯಲೆಂದು. ಸಿ. ವಿ. ರಾಮನ್ನರ ಸೆಳೆತ ಅವರನ್ನು ಭೌತವಿಜ್ಞಾನಕ್ಕೆ ಒಯ್ದಿತು. ಕೇಂಬ್ರಿಜಿನಲ್ಲಿ ಡಾಕ್ಟರೇಟ್ ಪಡೆದು ಬಂದು, 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಗೋಪಿನಾಥ ಕರ್ತಾ ಅವರೊಡಗೂಡಿ, ಚರ್ಮ ಮತ್ತು ಸ್ನಾಯುರಜ್ಜುಗಳ ಸಸಾರಜನಕವಾದ ಕೊಲಾಜೆನ್ ಮೂರೆಳೆಯ ಹುರಿಯಂತಿದೆಯೆಂದು 1954ರಲ್ಲಿ ಪ್ರತಿಪಾದಿಸಿದರು. ಖಾದಿಗೆ ಹೆಸರಾಗಿದ್ದ ಊರಿನವನಾದ ನನಗೆ ಈ ಹುರಿಯ ಚಿತ್ರ ಬಲು ಪ್ರಿಯ.

ಆದರೆ ಆ ರಚನೆಯಲ್ಲಿ ಪರಮಾಣುಗಳು ಪರಸ್ಪರ ತೀರ ಸಮೀಪ ಬರುತ್ತವೆಯೆಂದು ಕ್ರಿಕ್ ಮತ್ತು ರಿಚ್ ಆಕ್ಷೇಪಿಸಿದರು. ಹಾಗಾದರೆ ಎಷ್ಟು ಸಮೀಪ ಬರಬಹುದು ಎಂಬ ಪ್ರಶ್ನೆಯನ್ನೇ ರಾಮಚಂದ್ರನ್ ಕೈಗೆತ್ತಿಕೊಂಡರು. ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕರಚನೆಗಳನ್ನು ಜಾಲಾಡಿ, ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಂದಿಗೆ 1963ರಲ್ಲಿ ಆ ನಕ್ಷೆಯನ್ನು ಪ್ರಕಟಿಸಿದರು. ಸಸಾರಜನಕವೊಂದು ಸರಪಣಿ; ಅದರ ಪ್ರತಿ ಕೊಂಡಿಯೂ ಎರಡು ಕೋನಗಳಲ್ಲಿ ತಿರುಗಬಲ್ಲದು. ಆ ಕೋನಗಳನ್ನು ಚೌಕವೊಂದರಲ್ಲಿ ಗುರುತಿಸಿದರೆ ಬಹುಪಾಲು ಜಾಗ ನಿಷಿದ್ಧ. ಪರಮಾಣುಗಳು ಡಿಕ್ಕಿ ಹೊಡೆಯದ ಕೆಲವೇ ದ್ವೀಪಗಳು ಉಳಿಯುತ್ತವೆ. ಅತಿ ಚಿಕ್ಕ ಕೊಂಡಿಯಾದ ಗ್ಲೈಸಿನ್ನಿಗೆ ಮಾತ್ರ ಹೆಚ್ಚು ಸ್ವಾತಂತ್ರ್ಯ. ಅದರ ಜಾಗದಲ್ಲಿ ಬೇರೊಂದು ಕೊಂಡಿ ಬಂದು ಕುಳಿತರೆ ಸರಪಣಿಯ ಮಡಿಕೆಯೇ ಕೆಡಬಹುದು.

ವಂಶವಾಹಿಯಲ್ಲಿ ಒಂದಕ್ಷರ ಬದಲಾದರೆ ಕೆಲವೊಮ್ಮೆ ಹೀಗೆ ಕೊಂಡಿ ಬದಲಾಗುತ್ತದೆ, ಕೆಲವೊಮ್ಮೆ ಸರಪಣಿಯೇ ನಡುವೆ ತುಂಡಾಗುತ್ತದೆ. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು, ಸ್ಕಿಜೋಫ್ರೀನಿಯಾದ ಸಂಭವವನ್ನು ಬಹಳವಾಗಿ ಹೆಚ್ಚಿಸುವ ಇಂತಹ ಬದಲಾವಣೆಗಳನ್ನು 10 ವಂಶವಾಹಿಗಳಲ್ಲಿ ಗುರುತಿಸಿತು. ಅವುಗಳಲ್ಲಿ ಎರಡು, ಮಿದುಳಿನ ನರಕೋಶಗಳು ಗ್ಲುಟಮೇಟನ್ನು ಗ್ರಹಿಸುವ ಸಸಾರಜನಕಗಳಿಗೆ ಸೇರಿದವು. ಇವುಗಳ ಆಕಾರವನ್ನು ಕಂಡುಕೊಂಡವರು ಅದು ಸರಿಯೇ ಎಂದು ಒರೆಹಚ್ಚುವುದು ರಾಮಚಂದ್ರನ್ನರ ನಕ್ಷೆಯ ಮೇಲೆ. ಆದರೆ ಈ ಬದಲಾವಣೆಗಳು ಬಲು ವಿರಳ. ಹೆಚ್ಚಿನ ರೋಗಿಗಳಲ್ಲಿ ಕಾಣುವುದು ತಲಾ ಸಾಸಿವೆಯಷ್ಟು ಭಾರದ ನೂರಾರು ವ್ಯತ್ಯಾಸಗಳು. ಅವು ಎಲ್ಲರಲ್ಲಿಯೂ ಒಂದಿಷ್ಟು ಇವೆ, ಹೆಣ್ಣಿನ ವಂಶವನ್ನು ವಿಚಾರಿಸಲು ಹೊರಟ ಹಿರಿಯರಲ್ಲಿಯೂ!

1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ನೊಬೆಲ್ ಪಾರಿತೋಷಕ ಬರಲಿಲ್ಲ. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ರೋಗದಿಂದ ಬಳಲಿ, 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು.