ಹೊಯ್ಸಳ ಮುಮ್ಮಡಿ ವೀರಬಲ್ಲಾಳ

ಪುತ್ತೂರು, ಸುಳ್ಯ, ಕಡಬ ಕಡೆಯಿಂದ ಘಟ್ಟವನ್ನೇರಿ ಶ್ರವಣಬೆಳಗೊಳದ ಯಾತ್ರೆಗೆ ತೆರಳುವ ನಮ್ಮ ಶ್ರಾವಕ ಬಂಧುಗಳಲ್ಲಿ ಅನೇಕರು ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಇಳಿದು ಪಾರ್ಶ್ವನಾಥ ಸ್ವಾಮಿಯ ದರ್ಶನ ಮಾಡುವುದುಂಟು. ಗಂಗರಾಜ ದಂಡನಾಯಕನ ಸ್ಮರಣಾರ್ಥ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಬಸದಿ ಅದು. ಹಳೇಬೀಡೇ ಅಂದಿನ ದೋರಸಮುದ್ರ. ಆ ರಾಜಧಾನಿಯನ್ನು ದೆಹಲಿಯ ಸುಲ್ತಾನನಿಗೆ ಒಪ್ಪಿಸಬೇಕಾಗಿ ಬಂದ ಅರಸನೇ ಮುಮ್ಮಡಿ ವೀರಬಲ್ಲಾಳ. ತುಳುನಾಡಿಗೂ ಈತನು ಪರಕೀಯನಲ್ಲ. ಇವನ ರಾಣಿ ಚಿಕ್ಕಾಯಿತಾಯಿಯು ಬಾರಕೂರಿನಿಂದ ಆಳುಪ ರಾಜ್ಯವನ್ನು ಆಳಿದವಳು.

ಮುಮ್ಮಡಿ ನರಸಿಂಹನ ಪುತ್ರನಾದ ಬಲ್ಲಾಳನು 1292ರ ಸುಮಾರಿಗೆ ಪಟ್ಟವೇರಿದನು. ತಾತ ಸೋಮೇಶ್ವರನ ತರುವಾಯ ಇಬ್ಭಾಗವಾಗಿದ್ದ ರಾಜ್ಯವನ್ನು ಮರಳಿ ಒಂದುಗೂಡಿಸಿದನು. 1310ರಲ್ಲಿ ಪಾಂಡ್ಯ ಸೋದರರ ಕಲಹದಲ್ಲಿ ಲಾಭವನ್ನರಸಿ ಸೈನ್ಯಸಮೇತ ತಮಿಳುನಾಡಿಗೆ ಇಳಿದನು. ಇತ್ತ ಅಲ್ಲಾವುದ್ದೀನ್ ಖಿಲ್ಜಿಯ ಸೇನಾನಿ ಮಲಿಕ್ ಕಾಫರನು ದೇವಗಿರಿಯ ರಾಮಚಂದ್ರನ ನೆರವಿನಿಂದ ದಕ್ಷಿಣಕ್ಕೆ ಧಾವಿಸಿ, 1311ರ ಫೆಬ್ರವರಿಯಲ್ಲಿ ದೋರಸಮುದ್ರವನ್ನು ಮುತ್ತಿದನು. ನೆರೆಯ ಮನೆಯ ಜಗಳದಲ್ಲಿ ಕೈಹಾಕಿದವನ ಸ್ವಂತ ಮನೆಯ ಬಾಗಿಲಿಗೇ ಬೆಂಕಿ ಬಂದಂತಾಯಿತು.

ಬಲ್ಲಾಳನು ಹಿಂದಿರುಗಿದರೂ ಸಮರ ಸಾಧ್ಯವಿಲ್ಲವೆಂದು ಕಂಡನು. ಆನೆ, ಕುದುರೆ, ಪೂರ್ವಿಕರು ಕೂಡಿಟ್ಟ ಭಂಡಾರ ಎಲ್ಲವನ್ನೂ ಒಪ್ಪಿಸಿ, ಸುಲ್ತಾನನಿಗೆ ಕಪ್ಪ ಕೊಡುವ ಸಾಮಂತನಾದನು. ಪಾಂಡ್ಯ ನಾಡಿಗೆ ಹೋಗುವ ದಂಡಿಗೆ ತಾನೇ ದಾರಿ ತೋರಬೇಕಾಯಿತು. ಮಗ ವಿರೂಪಾಕ್ಷನನ್ನು ದೆಹಲಿಗೆ ಕಳುಹಿಸಬೇಕಾಯಿತು. ಹೋದ ಹೊನ್ನನ್ನು ಮರಳಿ ಸಂಪಾದಿಸಬಹುದೆಂಬುದನ್ನು ವ್ಯಾಪಾರಿಯಾದ ನಾನು ಬಲ್ಲೆ. ಮಗನನ್ನೇ ಒತ್ತೆಯಿಟ್ಟ ತಂದೆಯ ಸಂಕಟಕ್ಕೆ ಯಾವ ಲೆಕ್ಕವೂ ಇಲ್ಲ. 1313ರಲ್ಲಿ ಕುಮಾರನು ಸುರಕ್ಷಿತವಾಗಿ ಮರಳಿದನು. ಬಲ್ಲಾಳನು ರಾಜಧಾನಿಯನ್ನು ಮತ್ತೆ ಕಟ್ಟಿಸಿದನು.

ಈ ಶರಣಾಗತಿಯನ್ನು ಹೇಡಿತನವೆನ್ನಲು ನನ್ನ ಮನಸ್ಸೊಪ್ಪದು. ಆದರೆ 1327ರ ಒಂದು ಸಂಗತಿಯನ್ನು ಮುಚ್ಚಿಡುವುದೂ ನ್ಯಾಯವಲ್ಲ. ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪನು ಕಂಪಿಲಿಯ ಅರಸನ ಮೊರೆಹೊಕ್ಕನು. ಆ ಅರಸನು ಅವನನ್ನು ಒಪ್ಪಿಸದೆ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು. ಅಲ್ಲಿಂದ ತಪ್ಪಿಸಿಕೊಂಡು ತನ್ನಲ್ಲಿಗೆ ಬಂದ ಅದೇ ಮನುಷ್ಯನನ್ನು ಬಲ್ಲಾಳನು ಹಿಡಿದು ಸುಲ್ತಾನನ ಕಡೆಯವರಿಗೆ ಕೊಟ್ಟನು. ನಾಡು ಉಳಿಯಿತು, ನಿಜ. ಅಭಯದಾನವನ್ನು ದಾನಗಳಲ್ಲಿ ಹಿರಿದೆಂದು ಕೇಳುತ್ತ ಬೆಳೆದ ನಮಗೆ 1311ರ ಶರಣಾಗತಿಗಿಂತ ಇದನ್ನು ಕ್ಷಮಿಸುವುದೇ ಕಷ್ಟ.

ತರುವಾಯ ಬಲ್ಲಾಳನು ತಿರುವಣ್ಣಾಮಲೆಯಲ್ಲಿ ನೆಲೆಸಿ ಮಧುರೆಯ ಸುಲ್ತಾನರೊಡನೆ ಬಹುಕಾಲ ಹೋರಾಡಿದನು. 1342ರಲ್ಲಿ, ಎಂಬತ್ತರ ಇಳಿವಯಸ್ಸಿನಲ್ಲಿ, ತಿರುಚ್ಚಿಯ ಬಳಿಯ ಕಣ್ಣನೂರು ಕೋಟೆಗೆ ಮುತ್ತಿಗೆ ಹಾಕಿದನು. ಒಳಗಿನವರು ಸುಲ್ತಾನನ ಅಭಿಪ್ರಾಯ ಕೇಳಲು ಎರಡು ವಾರದ ಗಡುವು ಬೇಡಲು ಇವನು ಕೊಟ್ಟನು. ಆ ಅವಧಿಯಲ್ಲೇ ಘಿಯಾಸುದ್ದೀನನು ಮಧುರೆಯಿಂದ ಬಂದು, ಕಾವಲಿಲ್ಲದ ಪಾಳೆಯದ ಮೇಲೆ ಬಿದ್ದನು. ವೃದ್ಧ ಅರಸನನ್ನು ಸೆರೆಹಿಡಿದು, ಅವನ ಸಂಪತ್ತನ್ನೆಲ್ಲ ಕಸಿದುಕೊಂಡ ಮೇಲೆ ಕೊಲ್ಲಿಸಿದನು. ಬಳಿಕ ಮಗ ವಿರೂಪಾಕ್ಷನು ಪಟ್ಟಕ್ಕೆ ಬಂದನಾದರೂ ನಾಲ್ಕು ವರ್ಷ ತುಂಬುವಷ್ಟರಲ್ಲಿ ಹೊಯ್ಸಳ ನಾಡು ವಿಜಯನಗರದ ಸಂಗಮ ಸೋದರರ ವಶವಾಯಿತು.